ಶಬೀನಾ ಬರೆದ ಟೈಪ್ ಪುಸ್ತಕ

ಶಿಕಾರಿಪುರದಲ್ಲಿ ಹಾಲಿನ ಸೊಸೈಟಿಗಳಿಗೆ ದನಗಳ ದಾಖಲೆಯ ಸಾಫ್ಟ್‌ವೇರ್ ಮಾಡಿಕೊಡುವ ಆಫೀಸೊಂದರಲ್ಲಿ ಶಬೀನಾಗೆ ಆರು ವರ್ಷದಿಂದ ಒಂದೇ ಕೆಲಸ. ಹಸು, ಕಡಸು, ಗಬ್ಬ ಅಂತ ಸಾಫ್ಟ್‌ವೇರ್ ಕೋಡಿನಲ್ಲಿರುವ ಒಂದೊಂದು ಟೈಪಿನೊಳಗೆ, ಅಂದರೆ ದಾಖಲೆಯ ನಮೂನೆಯೊಳಗೆ, ಏನು ತುಂಬಬೇಕು, ಯಾಕೆ ತುಂಬಬೇಕು ಅಂತ ಪುಸ್ತಕ ಬರೆಯುವುದು. ಕೂತಲ್ಲೇ ಗೀಚುವ ಪೈಕಿ ಅಲ್ಲ ಅವಳು. ಗಬ್ಬದ ದಿನವನ್ನು ಗಬ್ಬ ಕಟ್ಟಲು ಸೂಜಿ ಹಾಕಿಸಿದ ದಿನದಿಂದ ಎಣಿಸಬೇಕೋ, ಡಾಕ್ಟರು ನೋಡಿ ಹೇಳಿದ ದಿನದಿಂದಲೋ ಅಂತ ಕೇಳೋಕೆ ಬಸ್ಸು ಹತ್ತಿ ಚಂದ್ರಗುತ್ತಿಗೆ ಹೋಗಿ, ಸೊಸೈಟಿ ಸೆಕ್ರೆಟರಿ ಹೂವಮ್ಮನ ಮುಂದೆ ಅರ್ಧ ದಿನ ಕೂತು ಬಂದವಳು.

ಆದರೆ ಕೋಡ್ ಬರೆಯೋ ಮಹಾನುಭಾವರು ಪುಸ್ತಕ ತೆಗೆದರೆ ತಾನೇ! ಬೇಸತ್ತು, ಬರೆದದ್ದನ್ನೆಲ್ಲ ಕೋಡಿನೊಳಗೇ, ಪ್ರತಿ ಟೈಪಿನ ಮೇಲೆ ಟಿಪ್ಪಣಿಯಾಗಿ ಅಂಟಿಸಿಬಿಟ್ಟಳು. ಯಾರೂ ಹೇಳಿರಲಿಲ್ಲ, ತಾನಾಗೇ ಮಾಡಿಕೊಂಡದ್ದು.

ಮೊನ್ನೆ ಯಜಮಾನ ಗುರುಪ್ರಕಾಶ್ ಹೊಸ ಟೂಲ್ ತಂದು ಗುಂಡಿ ಒತ್ತಿದ. ಕೋಡನ್ನು ಓದಿಕೊಂಡು ಅದು ನಿಮಿಷದಲ್ಲಿ ಇನ್ನೂರು ಪುಟದ ಪುಸ್ತಕ ಕೊಟ್ಟಿತು.

"ನೋಡ್ರೀ ಶಬೀನಾ, ಎಷ್ಟು ಚೆನ್ನಾಗಿ ಬರೆದೈತಿ. ಇನ್ಮೇಲೆ ಈ ಕೆಲ್ಸಕ್ಕೆ ಆಳು ಬೇಕಾಗಲ್ಲ. ಈ ತಿಂಗ್ಳು ಮುಗಿಸಿಬಿಡ್ರೀ."

ಶಬೀನಾ ಪುಟ ತಿರುವಿದಳು. ಒಂದೊಂದು ಸಾಲೂ ಅವಳದೇ.

"ಸಾರ್, ಇದು ನಾನು ಬರ್ದಿದ್ದು. ಟೂಲು ಕೋಡಿಂದ ಎತ್ತಿ ಕೊಟ್ಟೈತಿ ಅಷ್ಟೇ."

"ಕೋಡು ಆಫೀಸಿಂದಲ್ವೇನ್ರೀ?" ಅಂದ ಪುಣ್ಯಾತ್ಮ, ನಗುನಗುತ್ತಾ.

ಕೊನೆಯ ದಿನ ಅವನೇ ಅವಳ ಮೇಜಿನ ಹತ್ತಿರ ಬಂದ. ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಕಳೆದುಕೊಂಡ, ಹಸುಗಳಿಗೆ ಅಂತ ಹೊಸ ಟೈಪೊಂದು ಸೇರಿತ್ತು. ಟಿಪ್ಪಣಿಯೇ ಇಲ್ಲದ್ದರಿಂದ ಟೂಲು 'ದಿನಾಂಕ', 'ಸಂಖ್ಯೆ' ಅಂತಷ್ಟೇ ಬರೆದು ಸುಮ್ಮನಾಗಿತ್ತು. ಟೂಲ್ ನೋಡಲು ಸೊರಬದ ಸೊಸೈಟಿ ಅಧ್ಯಕ್ಷ ಗಂಗಾಧರಪ್ಪ ಹೊರಗೆ ಕೂತಿದ್ದರು.

"ಇದೊಂದು ಬರೆದುಕೊಟ್ಟು ಹೋಗ್ರೀ," ಅಂದ.

ಆಗಲ್ಲ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಯಾರೋ ತಪ್ಪು ದಿನ ತುಂಬಿ, ಇನ್ನೂ ಸುಧಾರಿಸದ ಹಸುವಿಗೆ ಮತ್ತೆ ಸೂಜಿ ಹಾಕಿಸಿಬಿಟ್ಟರೆ? ಹಾಳು ಮನಸ್ಸು ಒಪ್ಪಲಿಲ್ಲ. ಹೂವಮ್ಮನಿಗೆ ಫೋನ್ ಮಾಡಿ ಕೇಳಿ, ಆ ಟೈಪಿನ ಮೇಲೆ ಐದು ಸಾಲು ಟಿಪ್ಪಣಿ ಬರೆದು ಎದ್ದಳು.

ಗುರುಪ್ರಕಾಶ್ ಗಂಗಾಧರಪ್ಪನವರನ್ನು ಕರೆದು ಗುಂಡಿ ಒತ್ತಿದ. ಹೊಸ ಪುಟ ತುಂಬಿಕೊಂಡು ಬಂತು. ಅವರು ಕನ್ನಡಕ ಏರಿಸಿ ಓದಿ, ತಲೆದೂಗಿದರು.

"ದನ ಕಟ್ಟಿದ ಕೈಯಿ ಬರ್ದಂಗೆ ಐತಲ್ರೀ. ಯಾರು ಬರ್ದಿದ್ದು?"

ಶಬೀನಾ ಬ್ಯಾಗ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಯಾರೂ ಇಲ್ರೀ," ಅಂದ ಗುರುಪ್ರಕಾಶ್.