ವ್ಯಾನಿಗೊಬ್ಬ ಧರ್ಮಪಿತ

ಹಳೇ ವ್ಯಾನು ಕೊಳ್ಳುವಾಗ ಮೊದಲು ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಅಲ್ಲಿಂದ ಹೊರಟುಬಿಡಬೇಕು. ಗಿರಾಕಿ ಬರುವ ಮೊದಲೇ ಎಂಜಿನ್ ಕಾಯಿಸಿಟ್ಟವನು ಏನನ್ನೋ ಮುಚ್ಚಿಡುತ್ತಿದ್ದಾನೆ. ಇದನ್ನು ನನ್ನ ಗಂಡ ರುಫಿನೊಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಆದರೂ ಬೆಟ್ಟದ ಮೇಲಿನ ನಮ್ಮೂರು ಎಲ್ ಆಲ್ಟೊದ ಭಾನುವಾರದ ಸಂತೆಯಲ್ಲಿ ಅವನು ಹೋಗಿ ನಿಂತದ್ದು ಫಳಫಳ ಹೊಳೆಯುವ ಒಂದು ಕೆಂಪು ಗಾಡಿಯ ಮುಂದೆ.

“ಸೀಟು ನೋಡೇ ಸತುರ್ನಿನಾ, ಎಷ್ಟು ಮೆತ್ತಗಿದೆ.”

“ಸೀಟು ಬಂದು ಗುಡ್ಡ ಹತ್ತುತ್ತಾ? ಬಾ ಈಚೆ.”

ಮಾರುವವನು ನಕ್ಕ. “ಅಣ್ಣಾ, ಗಾಡಿ ಆಮೇಲೆ ನೋಡೋಣ. ಮೊದ್ಲು ಅಕ್ಕನ ಬ್ರೇಕ್ ಚೆಕ್ ಮಾಡಿಸ್ಕೊಳ್ಳಿ.”

“ನನ್ನ ಬ್ರೇಕ್ ನೆಟ್ಟಗಿದೆ. ನಿನ್ನ ಬಾನೆಟ್ ಯಾಕಪ್ಪಾ ರೊಟ್ಟಿ ಸುಡೋ ಹಂಗೆ ಕಾದಿದೆ?” ಎಂದೆ. ಅವನ ನಗು ಹೋಯಿತು.

ನಮಗೆ ಚಂದದ ಗಾಡಿ ಬೇಕಿರಲಿಲ್ಲ. ಏರು ಹತ್ತುವ ಗಾಡಿ ಬೇಕಿತ್ತು. ನನ್ನ ಅವ್ವ ಅಸುಂತಾಳ ಹೃದಯ ಊದಿಕೊಂಡಿತ್ತು. ಈ ಎತ್ತರದ ಗಾಳಿ ಆಕೆಗೆ ಸಾಲುವುದಿಲ್ಲ, ಕೆಳಗಿನ ಬೆಚ್ಚನೆ ಸೀಮೆಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಈ ಚಳಿಗಾಲ ದಾಟುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೆಳಗೆ ಕೊರೊಯ್ಕೊದಲ್ಲಿ ಚಿಕ್ಕಮ್ಮನ ಮನೆ ಇದೆ, ಸುತ್ತ ಕಿತ್ತಳೆ ತೋಟ. ಆದರೆ ಅಲ್ಲಿಗೆ ಇಳಿಯಬೇಕಾದರೆ ಮೊದಲು ಲಾ ಕುಂಬ್ರೆ ಘಾಟಿಯ ನೆತ್ತಿ ಹತ್ತಬೇಕು. ಅದು ನಮ್ಮೂರಿಗಿಂತಲೂ ಎತ್ತರ. “ಬೇಗ ಹತ್ತಿ ಬೇಗ ಇಳಿದುಬಿಡಿ, ಮೇಲೆ ಮಾತ್ರ ನಿಲ್ಲಬೇಡಿ” ಎಂದಿದ್ದರು ಡಾಕ್ಟರು. ಅವ್ವನಿಗೆ ಕೂರಲು ಆಗುತ್ತಿರಲಿಲ್ಲ, ಮಲಗಿಸಿಯೇ ಒಯ್ಯಬೇಕು. ಬಾಡಿಗೆ ಗಾಡಿಯವರು ಅವಳ ನೀಲಿ ತುಟಿ ನೋಡಿದ ಕೂಡಲೇ ಬಾಗಿಲು ಎಳೆದುಕೊಳ್ಳುತ್ತಿದ್ದರು. “ದಾರೀಲಿ ಹೆಚ್ಚುಕಮ್ಮಿ ಆದ್ರೆ ಯಾರಮ್ಮಾ ಜವಾಬ್ದಾರಿ?” ಎಂದು ಕೇಳುತ್ತಿದ್ದರು.

ಅದಕ್ಕೇ ನನ್ನ ಹೊಲಿಗೆ ಯಂತ್ರಗಳನ್ನು ಮಾರಿದೆ. ಅವ್ವನನ್ನು ಇಳಿಸಿ ಬಂದ ಮೇಲೆ ಅದೇ ವ್ಯಾನಿನಲ್ಲಿ ರುಫಿನೊ ಪ್ಯಾಸೆಂಜರ್ ಹೊಡೆದು ಸಂಸಾರ ಸಾಗಿಸಬೇಕು ಎಂದು ಮಾತಾಗಿತ್ತು. ಇನ್ನೊಂದು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಸಂತೆಯ ಕೊನೆಯಲ್ಲಿ ಒಂದು ಬೂದು ಬಣ್ಣದ ವ್ಯಾನು ನಿಂತಿತ್ತು. ಮಾಲೀಕ ಕಸಿಮಿರೊ ಕೊಲ್ಕೆ ಉಣ್ಣೆ ಟೋಪಿ ಹಾಕಿಕೊಂಡು ಪಕ್ಕದ ಕಲ್ಲಿನ ಮೇಲೆ ಕೂತಿದ್ದ, ಕೂಗಿ ಯಾರನ್ನೂ ಕರೆಯುತ್ತಿರಲಿಲ್ಲ. ಬಾನೆಟ್ ಮುಟ್ಟಿದೆ, ಮಂಜಿನಷ್ಟು ತಣ್ಣಗಿತ್ತು. ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು, ಹೊಗೆ ಇಲ್ಲ, ಸದ್ದಿಲ್ಲ. ಜಪಾನಿನಿಂದ ಬರುವ ಗಾಡಿಗಳ ಸ್ಟೀರಿಂಗನ್ನು ಬಲಗಡೆಯಿಂದ ಕಿತ್ತು ಇಲ್ಲಿನ ರಸ್ತೆಗೆಂದು ಎಡಗಡೆಗೆ ಕೂರಿಸುತ್ತಾರಲ್ಲ, ಆ ವೈರುಗಳ ಗಂಟನ್ನು ಅವನೇ ಬಗ್ಗಿ ತೋರಿಸಿದ.

“ಒರುರೊದಲ್ಲಿ ಮಕ್ಕಳನ್ನ ಇದರಲ್ಲೇ ಶಾಲೆಗೆ ಬಿಡ್ತಿದ್ದೆ ಅಕ್ಕ. ಒಂದಿನವೂ ಕೈ ಕೊಟ್ಟಿಲ್ಲ,” ಎಂದ.

“ಏರು ಹತ್ತುತ್ತಾ?”

“ಯಾಕೆ ಹತ್ತಲ್ಲ? ಹತ್ತಿಸಿ ನೋಡಿ.”

ಹಾಗೇ ಒಪ್ಪಂದವಾಯಿತು. ಮರುದಿನ ನಮ್ಮ ಗುರುತಿನ ಮೆಕ್ಯಾನಿಕ್ ಖಾಲಿ ಗಾಡಿಯನ್ನು ಲಾ ಕುಂಬ್ರೆಯ ತನಕ ಓಡಿಸಿ ನೋಡುವುದು, ಸರಿ ಬಂದರೆ ದುಡ್ಡು ಕೊಡುವುದು. ಅದಕ್ಕೆ ಮೊದಲು ಅವ್ವ ಒಳಗೆ ಕಾಲು ಚಾಚಿ ಮಲಗಬಹುದೇ ನೋಡೋಣ ಎಂದು ವ್ಯಾನನ್ನು ಮನೆಗೆ ತಂದೆವು.

ಅವ್ವನನ್ನು ಎತ್ತಿ ಮಡಚಿದ ಸೀಟುಗಳ ಮೇಲೆ ಮಲಗಿಸಿದೆವು. ಕಾಲು ಚಾಚಿದಳು. ಎಷ್ಟೋ ವಾರಗಳಿಂದ ನಗದವಳು ನಕ್ಕಳು. ಬಾಗಿಲ ಬಳಿ ನಿಂತಿದ್ದ ಕಸಿಮಿರೊನನ್ನು ಮಾತಾಡಿಸಿ ಅವನ ಮಕ್ಕಳು ಮರಿ ಎಲ್ಲ ವಿಚಾರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಹೂವು ತಾ, ಬಿಯರ್ ತಾ. ಚಕ್ರಕ್ಕೆ ಬಿಯರ್ ಸುರಿದು ಗಾಡಿಗೆ ಚಲ್ಲಾ ಪೂಜೆ ಮಾಡೋಣ,” ಎಂದಳು.

“ಅವ್ವಾ, ಇನ್ನೂ ಕೊಂಡಿಲ್ಲ. ನಾಳೆ ಏರು ಹತ್ತಿಸಿ ನೋಡಿ ಆಮೇಲೆ...”

“ನಾಳೆ ನಾನಿರ್ತೀನಿ ಅಂತ ಬರ್ಕೊಟ್ಟಿದ್ದೀಯಾ? ತಾರೇ.”

ಕಸಿಮಿರೊನ ಕೈ ಹಿಡಿದುಕೊಂಡಳು. “ನೀವೇ ಧರ್ಮಪಿತ ಆಗಿ ದೋನ್ ಕಸಿಮಿರೊ. ಸಾಕಿದ ಕೈಯೇ ಹರಸಿ ಕಳಿಸಿದ್ರೆ ಗಾಡಿ ಹಳೇ ಮನೆ ನೆನೆಸ್ಕೊಂಡು ಅಳೋದಿಲ್ಲ.”

ಅವನು ಟೋಪಿ ತೆಗೆದ. ಕಣ್ಣು ಒದ್ದೆಯಾಗಿತ್ತು. “ದೊಡ್ಡ ಮಾತು ಅವ್ವಾ,” ಎಂದ.

ಬಿಯರ್ ಚಕ್ರಕ್ಕೆ ಬಿದ್ದ ಮೇಲೆ ಗಾಡಿ ನಮ್ಮದೇ. ಧರ್ಮಪಿತನಾದವನು ಅಂದಿನಿಂದ ನಮಗೆ ಕಂಪಾದ್ರೆ, ನಾನವನಿಗೆ ಕಮಾದ್ರೆ, ಒಡಹುಟ್ಟಿದವರಿಗಿಂತ ಹೆಚ್ಚು. ಅವನ ಮೇಲೆ ಅನುಮಾನ ಪಡುವಂತಿಲ್ಲ, ದನಿ ಎತ್ತುವಂತಿಲ್ಲ. ಅವನು ಹರಸಿಕೊಟ್ಟ ಗಾಡಿಯನ್ನು ಮರುದಿನ ಮೆಕ್ಯಾನಿಕ್ ಕೈಗೆ ಕೊಟ್ಟರೆ ಕಳ್ಳ ಎಂದು ಮುಖಕ್ಕೆ ಹೇಳಿದ ಹಾಗೆ. ಬೇಡ ಎಂದರೆ ಅವ್ವನ ಮುಖ ನೋಡುವುದು ಹೇಗೆ?

“ಕಂಪಾದ್ರೆ!” ಎಂದು ರುಫಿನೊ ಅವನನ್ನು ಆಗಲೇ ತಬ್ಬಿಕೊಂಡಿದ್ದ. ಕನ್ನಡಿಗೆ ಹೂಮಾಲೆ ಬಿತ್ತು, ಬಾನೆಟ್ ಮೇಲೆ ಬಣ್ಣದ ಕಾಗದದ ಚೂರು, ಎಂಜಿನ್ ಮೇಲೆ ಕೋಕಾ ಎಲೆ. ಪಟಾಕಿ ಸಿಡಿಯಿತು. ನಾನು ಅಡುಗೆಮನೆಗೆ ಹೋಗಿ ಒಂದು ಪಾತ್ರೆ ಎತ್ತಿ ಗೋಡೆಗೆ ಹೊಡೆದೆ. ಪಟಾಕಿ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಏರು ಹತ್ತಿಸಿ ನೋಡದೆಯೇ ದುಡ್ಡು ಕೊಟ್ಟು, ಎರಡು ದಿನ ಬಿಟ್ಟು ಹೊರಟೆವು. ಅವ್ವ ಕಂಬಳಿ ಹೊದ್ದು ಮಲಗಿದ್ದಳು, ಅವಳ ಕಾಲ ಬಳಿ ನನ್ನ ಮಗಳು ಲಿಸ್ಬೆತ್. ಊರು ದಾಟುವವರೆಗೆ ವ್ಯಾನು ಬೆಣ್ಣೆಯ ಹಾಗೆ ಹೋಯಿತು. ಏರು ಶುರುವಾದ ಮೇಲೆ ಎಂಜಿನ್ನಿನ ದನಿ ದಪ್ಪವಾಯಿತು. ಶಾಖದ ಮುಳ್ಳು ಮೇಲೆ ಮೇಲೆ ಹೋಗತೊಡಗಿತು. ರುಫಿನೊ ಅದನ್ನು ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ನೆತ್ತಿಗೆ ಇನ್ನು ಕೆಲವೇ ತಿರುವು ಎನ್ನುವಾಗ ಬಾನೆಟ್ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಗಾಡಿ ಒಮ್ಮೆ ಕೆಮ್ಮಿ ನಿಂತಿತು. ನಿಲ್ಲಬೇಡಿ ಎಂದಿದ್ದರಲ್ಲ, ಅಲ್ಲೇ.

ಸುತ್ತ ದಟ್ಟ ಮಂಜು. ಅವ್ವನ ಉಸಿರು ಗರಗಸದ ಹಾಗೆ ಕೇಳುತ್ತಿತ್ತು. ನಾನು ರಸ್ತೆ ಮಧ್ಯೆ ನಿಂತು ಕೈ ಅಡ್ಡ ಹಾಕಿದೆ. ಗಾಡಿಗಳು ನಿಂತವು. ಒಬ್ಬ ನೀರು ಕೊಟ್ಟ, ಒಬ್ಬಳು ಉಸಿರಿಗೆಂದು ಜಗಿಯಲು ಕೋಕಾ ಎಲೆ ಕೊಟ್ಟಳು. ಎಲ್ಲರೂ ಒಳಗೆ ಬಗ್ಗಿ ನೋಡಿ “ಅಯ್ಯೋ ಪಾಪ” ಎಂದರು. ಅವಳನ್ನು ಹತ್ತಿಸಿಕೊಳ್ಳುತ್ತೇನೆ ಎಂದು ಒಬ್ಬನೂ ಹೇಳಲಿಲ್ಲ.

ರುಫಿನೊ ಫೋನು ಮಾಡಿದ. ಕಸಿಮಿರೊ ಏರಿನ ಬುಡದಲ್ಲೇ ತಂಗಿ ಮನೆಯಲ್ಲಿದ್ದ, ಯಾರದೋ ಲಾರಿ ಹಿಡಿದು, ಹಗ್ಗ ಹಿಡಿದು ಓಡಿಬಂದ. ಅವನಿಗೆಂದು ನಾನು ಕೂಡಿಟ್ಟ ಬೈಗುಳವೆಲ್ಲ ನಾಲಿಗೆ ತುದಿಗೆ ಬಂದು ನಿಂತಿತ್ತು.

“ಇದನ್ನ ಎಲ್ಲಿ ಓಡಿಸಿದ್ದೆಯೋ ನೀನು?” ಎಂದೆ.

“ಒರುರೊದಲ್ಲಿ ಕಮಾದ್ರೆ. ಅಲ್ಲೆಲ್ಲ ತಟ್ಟೆ ಥರ ನೆಲ. ಅಲ್ಲಿಂದ ನಿಮ್ಮೂರಿನವರೆಗೂ ಅಷ್ಟೇ. ಏರು... ಏರು ನಾನೂ ಹತ್ತಿಸಿರಲಿಲ್ಲ. ಅವತ್ತೇ ಹತ್ತಿಸಿ ನೋಡಿ ಅಂದಿದ್ನಲ್ಲ.” ಅವನು ಅಳುತ್ತಿದ್ದ. ಮೋಸಗಾರನಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಒಳಗಿನಿಂದ ಅವ್ವನ ದನಿ ಬಂತು. “ಯಾರು, ಕಂಪಾದ್ರೆನಾ? ಊಟ ಆಯ್ತೇನಪ್ಪಾ? ಏಯ್ ಸತುರ್ನಿನಾ, ಕೂಗಾಡಬೇಡ. ದೂರದಿಂದ ಬಂದಿದಾರೆ, ಏನಾದ್ರೂ ಕೊಡು.”

ಬೇಯಿಸಿ ತಂದ ಆಲೂಗಡ್ಡೆಯನ್ನು ಅವನ ಕೈಗೆ ಹಾಕಿದೆ. ಅವನು ಹಾಗೇ ಹಿಡಿದುಕೊಂಡು ನಿಂತ.

“ಮೇಲಕ್ಕೆ ಎಳೀರಿ,” ಎಂದೆ ಲಾರಿಯವನಿಗೆ.

“ಈ ಹಗ್ಗ ಏರಿಗೆ ತಡೆಯಲ್ಲಮ್ಮಾ. ತಡೆದ್ರೂ ಆ ಕಡೆ ಇಳಿಜಾರು ಪಾತಾಳ. ಎಂಜಿನ್ ಇಲ್ಲದೆ ಬ್ರೇಕು ಹಿಡಿಯಲ್ಲ, ಎಲ್ಲರೂ ಹೋಗ್ತೀರಿ. ಈ ಕಡೆ ಇಳಿಜಾರು ಕಮ್ಮಿ, ಊರಿಗೆ ಮೆಲ್ಲಗೆ ಎಳ್ಕೊಂಡು ಹೋಗಬಹುದು, ಅಷ್ಟೇ.”

“ಹಂಗಾದ್ರೆ ನಿಮ್ಮ ಲಾರೀಲೇ ಮಲಗಿಸ್ಕೊಂಡು ಆ ಕಡೆ ಹೋಗೋಣ.”

ಅವನು ಒಳಗೆ ಬಗ್ಗಿ ನೋಡಿದ. ಅವ್ವನ ತುಟಿ ನೋಡಿದ. ಹೋಗಿ ಹಗ್ಗ ಕಟ್ಟತೊಡಗಿದ.

ಲಾರಿ ವ್ಯಾನನ್ನು ತಿರುಗಿಸಿ, ಬಂದ ದಾರಿಗೇ ಎಳೆಯಿತು. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸ್ವಲ್ಪ ದೂರ ಬಂದ ಮೇಲೆ ಅವಳ ಉಸಿರು ಒಂದಿಷ್ಟು ಸಡಿಲವಾಯಿತು. ಕಣ್ಣು ತೆರೆದಳು.

“ಕಿವಿ ಬಿಟ್ಟಿತು ಕಣೇ. ಇಳೀತಾ ಇದೀವಲ್ವಾ?”

“ಹೂಂ ಅವ್ವಾ.”

“ನೋಡಿದ್ಯಾ, ಧರ್ಮಪಿತ ಬಂದು ಮುಟ್ಟಿದ ತಕ್ಷಣ ಗಾಡಿ ಹೊರಟಿತು. ಸುಮ್ನೆ ಬೈತಿದ್ದೆ ಅವರನ್ನ.”

ಲಿಸ್ಬೆತ್ ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಮುಂದೆ ರುಫಿನೊ ಸತ್ತ ಗಾಡಿಯ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಹಗ್ಗವನ್ನೇ ನೋಡುತ್ತಿದ್ದ, ತಿರುಗಲಿಲ್ಲ.

“ಕಿಟಕಿ ತೆಗಿ,” ಎಂದಳು ಅವ್ವ. “ಕಿತ್ತಳೆ ವಾಸನೆ ಬರುತ್ತೇನೋ ನೋಡೋಣ.”

ತೆಗೆದೆ. ಒಳಗೆ ಬಂದದ್ದು ಲಾರಿಯ ಹೊಗೆ. ಅವ್ವ ಕಣ್ಣು ಮುಚ್ಚಿಕೊಂಡು, ಎಳೆಯಲಾದಷ್ಟು ಉಸಿರು ಎಳೆದುಕೊಂಡಳು.