ನಕ್ಕೋತ ಹೇಳಿದ್ದು

ನೇತ್ರಾ ಕೌನ್ಸಿಲ್ ಮನೆಗಳ, ಅಂದರೆ ನಗರಸಭೆ ಬಾಡಿಗೆಗೆ ಕೊಡುವ ಮನೆಗಳ, ಕೇಸುಗಳನ್ನೇ ನಡೆಸುವ ಬ್ಯಾರಿಸ್ಟರ್. ಬಾಡಿಗೆದಾರರನ್ನು ಮನೆ ಬಿಡಿಸುವ ದಾವೆ, ಗೋಡೆಗೆ ಬೂಷ್ಟು ಹಿಡಿದ ದೂರು, ಗಂಡ ಸತ್ತ ಮೇಲೆ ಹೆಂಡತಿಗೆ ಆ ಮನೆಯಲ್ಲಿ ಹಕ್ಕುಂಟೋ ಇಲ್ಲವೋ ಎಂಬ ತಕರಾರು, ಇವೇ ಅವಳ ದಿನದ ಕೆಲಸ. ತಂದೆ ಶಶಿಧರ ಧಾರವಾಡದಿಂದ ವಿಲಾಯತಿಗೆ ಬಂದ ಡಾಕ್ಟರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಫರ್ಡಿನಲ್ಲಿ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಲೇ ದೊಡ್ಡವಳಾಗಿದ್ದಳು.

2002ರ ಚಳಿಗಾಲದಲ್ಲಿ ಬಂದ ಆ ಕೇಸು ನಿಜವಾಗಿ ಅವಳದ್ದಲ್ಲ. ಜೊತೆಯವನೊಬ್ಬನಿಗೆ ಜ್ವರ ಬಂದು, ವಿಚಾರಣೆಯ ಹಿಂದಿನ ದಿನ ಅವಳ ಕೈಗೆ ಬಂದು ಬಿದ್ದಿತ್ತು. ಕಕ್ಷಿದಾರಳ ಹೆಸರು ರತ್ನವ್ವ ಎಂದು ಓದಿದಾಗ ನೇತ್ರಾ ಒಂದು ಕ್ಷಣ ನಿಂತಳು. ಈಸ್ಟ್ ಹ್ಯಾಮಿನ ಕಡೆಯ ಕೌನ್ಸಿಲ್‌ನ ಒಂದು ಬಹುಮಹಡಿ ಟವರಿನಲ್ಲಿ ಒಬ್ಬಳೇ ಇರುವ ವಿಧವೆ. ಗಂಡ ದಾನಪ್ಪ ವಿಜಯಪುರದಿಂದ ಬಂದು ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳ ಫ್ಲ್ಯಾಟಿಗೆ ಹೊತ್ತಲ್ಲದ ಹೊತ್ತಿನಲ್ಲಿ ಯಾರ‍್ಯಾರೋ ಬರುತ್ತಾರೆ, ಮೆಟ್ಟಿಲ ಮೇಲೆ ಸೂಜಿಗಳು ಬಿದ್ದಿರುತ್ತವೆ, ಕೇಳಲು ಹೋದರೆ ಕೊಲ್ಲುತ್ತೇವೆ ಎನ್ನುತ್ತಾರೆ ಎಂದು ಅಕ್ಕಪಕ್ಕದವರ ದೂರು. ಅವಳಿಂದ ಮನೆ ಬಿಡಿಸಿಕೊಡಿ ಎಂದು ಕೌನ್ಸಿಲ್ ಕೋರ್ಟಿಗೆ ಬಂದಿತ್ತು. ಇದಕ್ಕೆಲ್ಲ ರತ್ನವ್ವನ ಉತ್ತರ ಒಂದೇ: ಹಾಗೇನೂ ಇಲ್ಲ.

ಆ ಉತ್ತರವನ್ನು ಹೇಳುತ್ತಿದ್ದದ್ದು ಅವಳ ಬಾಯಲ್ಲ, ಕ್ರೇಗ್ ಎಂಬಾತನ ಬಾಯಿ.

"ಅವಳ ಕೇರರ್ ಅಂತೆ, ನೋಡಿಕೊಳ್ಳುವವನು," ಎಂದಳು ಕೇಸು ತಯಾರಿಸಿದ್ದ ಸಾಲಿಸಿಟರ್ ಬ್ರಿಡ್ಜೆಟ್, ಕೋರ್ಟಿನ ಬಾಗಿಲಲ್ಲಿ ನೇತ್ರಾಳನ್ನು ಕಂಡ ಕೂಡಲೇ. "ನನ್ನ ಆಫೀಸಿಗೆ ಬಂದಾಗಲೆಲ್ಲ ಜೊತೆಗೇ ಬಂದ. ಆಕೆಯೊಬ್ಬಳ ಜೊತೆಗೇ ಮಾತಾಡೋಣ ಅಂದರೆ ಆಕೆಯೇ ಅವನ ತೋಳು ಹಿಡಿದುಕೊಂಡು ಬೇಡ ಅನ್ನುತ್ತಾಳೆ. ಇವತ್ತು ಭಾಷಾಂತರಕ್ಕೆ ಅಂತ ಗುಜರಾತಿಯವಳನ್ನು ಕಳಿಸಿದ್ದಾರೆ. ಆಕೆಗೆ ಇವಳ ಮಾತು ಒಂದಕ್ಷರ ಗೊತ್ತಾಗುತ್ತಿಲ್ಲ. ನೇತ್ರಾ, ನನಗೆ ಆ ಮನುಷ್ಯ ಸರಿ ಕಾಣುತ್ತಿಲ್ಲ."

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ರತ್ನವ್ವ ಕುಳಿತಿದ್ದಳು. ಸೀರೆಯ ಮೇಲೆ ಗಂಡಸರ ಕೋಟು, ಕಾಲಿಗೆ ದಪ್ಪ ಕಾಲುಚೀಲ. ಪಕ್ಕದಲ್ಲಿ ಮೂವತ್ತರ ಆಸುಪಾಸಿನ, ನೀಟಾಗಿ ಕೂದಲು ಕತ್ತರಿಸಿಕೊಂಡ ಬಿಳಿಯ. ಮಷಿನ್ನಿನಿಂದ ತಂದ ಚಹಾವನ್ನು ಊದಿ ಊದಿ ಆರಿಸಿ ಅವಳ ಕೈಗೆ ಕೊಡುತ್ತಿದ್ದ. "ಆಕೆಗೆ ಬಿಸಿ ಆಗೋದಿಲ್ಲ," ಎಂದು ನೇತ್ರಾಳಿಗೆ ಮುಗುಳುನಗುತ್ತ ಹೇಳಿದ. ನೋಡಿದವರು ಎಂಥ ಒಳ್ಳೆಯ ಹುಡುಗ ಅನ್ನಬೇಕು, ಹಾಗಿದ್ದ.

ನೇತ್ರಾ ಎದುರು ಕುರ್ಚಿ ಎಳೆದುಕೊಂಡು ಕುಳಿತಳು. "ನಮಸ್ಕಾರ್ರಿ ಅಮ್ಮಾರ. ನಾನು ನಿಮ್ಮ ವಕೀಲಿ. ನೇತ್ರಾ ಅಂತ."

ಕಪ್ಪು ಅಲುಗಿ ಚಹಾ ಕೋಟಿನ ಮೇಲೆ ಚೆಲ್ಲಿತು. ರತ್ನವ್ವ ಅದನ್ನು ನೋಡಲಿಲ್ಲ. "ಯವ್ವಾ, ನೀ ನಮ್ಮ ಮಾತು ಆಡ್ತೀಯೇನ? ಯಾವೂರಾಕಿ?"

"ನಮ್ಮ ಅಪ್ಪಂದು ಧಾರವಾಡ್ರಿ."

"ಏನಂತಾಳೆ?" ಕ್ರೇಗ್ ಕೇಳಿದ.

"ನನ್ನ ಮನೆಯವರು ಯಾವ ಊರಿನವರು ಅಂತ ಕೇಳಿದರು," ಎಂದಳು ನೇತ್ರಾ ಇಂಗ್ಲಿಷಿನಲ್ಲಿ.

"ಭಲೇ," ಎಂದು ಅವನು ಬೆಂಚಿಗೆ ಒರಗಿದ. ಕಣ್ಣು ಮಾತ್ರ ಇಬ್ಬರ ಮುಖದ ಮೇಲೆಯೇ ಇತ್ತು.

ರತ್ನವ್ವ ನಕ್ಕಳು. ಬಹಳ ದಿನದ ಮೇಲೆ ಊರವರು ಸಿಕ್ಕಾಗ ನಗುವ ಹಾಗೆ, ಬಾಯಿ ತುಂಬ. ಅದೇ ನಗುವಿನಲ್ಲಿ, ಅದೇ ದನಿಯಲ್ಲಿ ಹೇಳಿದಳು: "ತಂಗಿ, ನಾ ಈಗ ಹೇಳೂದು ನಕ್ಕೋತ ಹೇಳ್ತೀನಿ. ನೀನೂ ನಕ್ಕೋತ ಕೇಳು. ಇವಗ ನಮ್ಮ ಮಾತು ತಿಳಿಯಂಗಿಲ್ಲ, ಆದ್ರ ಮಾರಿ ನೋಡಿ ಎಲ್ಲಾ ತಿಳಕೋತಾನ. ಇವನ ಭಾಷಾದ ಮಾತು ಒಂದೂ ಬಾಯಾಗ ತರಬ್ಯಾಡ."

ನೇತ್ರಾ ತುಟಿಗಳನ್ನು ಎಳೆದು ಹಿಡಿದಳು. ಅದು ನಗುವಿನಂತೆ ಕಂಡಿತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

"ಒಂದಿನ ಲಿ..." ಲಿಫ್ಟ್ ಎನ್ನಹೋಗಿ ರತ್ನವ್ವ ತಡೆದಳು. "ಮ್ಯಾಲ ಹೋಗೂ ಪೆಟಗಿ ಕೆಟ್ಟಿತ್ತು. ಇಂವ ನನ್ನ ಚೀಲಾ ಹೊತ್ತು ತಂದಾ. ಒಳ್ಳೇ ಹುಡುಗ ಅನ್ಕೊಂಡೆ. ಚಹಾ ಮಾಡಿಕೊಟ್ಟೆ. ಆಮ್ಯಾಲ ಒಂದ್ ರಾತ್ರಿ ಇರ್ತೀನಂದ. ಆಮ್ಯಾಲ ಇವನ ಮಂದಿ ಬಂದ್ರು. ಈಗ ಮನೀ ಕೀಲಿ ಇವನ ಹಂತೇಕ ಅದ ತಂಗಿ. ಪಡಸಾಲ್ಯಾಗ ಅವರು ಸೂಜಿ ಚುಚ್ಚಕೋತ ಬೀಳ್ತಾರ. ನಾ ಅಡಗೀಮನ್ಯಾಗ ನೆಲದ ಮ್ಯಾಲ ಮಲಗ್ತೀನಿ." ಹೇಳುತ್ತ ಹೇಳುತ್ತ ಎರಡೂ ಅಂಗೈಯಲ್ಲಿ ರೊಟ್ಟಿ ಬಡಿಯುವಂತೆ ಆಡಿಸಿದಳು. ಕ್ರೇಗ್ ನೋಡಿ ನಕ್ಕ. "ಅಡುಗೆ ಮಾತೇ ಇರಬೇಕು. ಆಕೆ ಸೊಗಸಾಗಿ ಅಡುಗೆ ಮಾಡುತ್ತಾಳೆ."

"ಮತ್ತ ನೀವು... ಪೊ..." ನೇತ್ರಾ ನಾಲಿಗೆ ಕಚ್ಚಿಕೊಂಡಳು. ಪೊಲೀಸ್ ಎನ್ನುವುದಕ್ಕೆ ಬೇರೆ ಮಾತು ಅವಳಿಗೆ ಗೊತ್ತಿರಲಿಲ್ಲ.

"ಫೌಜದಾರ್ರಿಗೆ ಯಾಕ ಹೇಳ್ಲಿಲ್ಲ ಅಂತೀ?" ರತ್ನವ್ವನ ಕೈ ರೊಟ್ಟಿ ಬಡಿಯುತ್ತಲೇ ಇತ್ತು. "ನನ್ನ ಮಗಳು ಅಲ್ಲೆ ಗ್ರೀನ್..." ಮತ್ತೆ ತಡೆದಳು. "ಅಲ್ಲೆ ಪಶ್ಚಿಮ ದಿಕ್ಕಿಗೆ ಅದಾಳ. ಆಕಿಗೊಂದು ಹೆಣ್ಣು ಕೂಸದ. ಒಂದಿನ ಇಂವ ನನ್ನನ್ನ ಗಾಡ್ಯಾಗ ಕುಂಡ್ರಿಸಿಕೊಂಡು ಆ ಕೂಸಿನ ಸಾಲೀ ಮುಂದ ಕರಕೊಂಡು ಹೋದಾ. ಸಾಲಿ ಬಿಡೂ ಹೊತ್ತು. ಕೂಸು ಹೊರಗ ಬಂತು. ಇಂವ ಬಟ್ಟು ಮಾಡಿ ತೋರಿಸಿದಾ. ಒಂದು ಮಾತೂ ಆಡ್ಲಿಲ್ಲ. ಹಂಗೇ ಮನೀಗೆ ಕರಕೊಂಡು ಬಂದಾ."

ನೇತ್ರಾಳಿಗೆ ಮುಖದ ಮೇಲೆ ನಗು ಉಳಿಸಿಕೊಳ್ಳಲು ಆಗಲಿಲ್ಲ. ತಲೆ ಬಗ್ಗಿಸಿ ಏನೋ ಬರೆದುಕೊಳ್ಳುವವಳಂತೆ ನಟಿಸಿದಳು.

"ಅದಕ್ಕ ಹೇಳ್ತೀನಿ ತಂಗಿ. ಇವತ್ತು ನೀ ವಾದಾ ಮಾಡಬ್ಯಾಡ. ಸೋತು ಬಿಡು. ಮನೀ ಹೋಗ್ಲಿ. ಮನೀ ಹೋದ್ರ ಇವಗ ನನ್ನ ಹಂತೇಲಿ ಏನ ಕೆಲಸ? ನಾ ಮಗಳ ಮನೀಗೆ ಹೋಗಿ ಬೀಳ್ತೀನಿ."

ತನ್ನನ್ನೇ ಸೋಲಿಸು ಎಂದು ಕೇಳಿಕೊಂಡ ಕಕ್ಷಿದಾರರು ನೇತ್ರಾಳಿಗೆ ಈತನಕ ಸಿಕ್ಕಿರಲಿಲ್ಲ. ಇಂಥ ದೂರಿನ ಮೇಲೆ ಮನೆ ಹೋದರೆ, ತನ್ನ ತಪ್ಪಿನಿಂದಲೇ ಕಳೆದುಕೊಂಡಳು ಎಂದು ಕೌನ್ಸಿಲ್ ಬರೆದಿಡುತ್ತದೆ, ಇನ್ನೊಂದು ಮನೆ ಕೊಡುವ ಹೊಣೆ ಅದಕ್ಕಿರುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಅವಳು ನಿದ್ದೆಯಲ್ಲೂ ಹೇಳಬಲ್ಲಳು. ಈಗ ತಾಯಿ ಆಡುವ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡು ಪೋಣಿಸತೊಡಗಿದಳು.

"ಅಮ್ಮಾರ, ಹಂಗ ಆಗಂಗಿಲ್ರಿ. ಸೋತ್ರ, ನೀವೇ ಮನೀ ಹಾಳ ಮಾಡಿ ಕಳಕೊಂಡ್ರಿ ಅಂತಾರ. ಮತ್ತ ಮನೀ ಕೊಡಂಗಿಲ್ಲ. ಮಗಳ ಮನೀಗೆ ಹೋದ್ರ..." ಕ್ರೇಗನ ಕಡೆ ನೋಡದೆ ಮುಂದುವರಿಸಿದಳು. "ಇವನೂ ಅಲ್ಲೇ ಬರ್ತಾನ್ರಿ. ಕೂಸು ಅಲ್ಲೇ ಅದ."

ರತ್ನವ್ವನ ಕೈ ನಿಂತಿತು. ನಗು ಹಾಗೇ ಮುಖದ ಮೇಲೆ ಉಳಿದು, ಅದರ ಕೆಳಗಿನದೆಲ್ಲ ಕುಸಿದ ಹಾಗೆ ಕಂಡಿತು.

ಕ್ರೇಗ್ ನೆಟ್ಟಗೆ ಕುಳಿತ. "ಏನು ಹೇಳಿದಿರಿ ಆಕೆಗೆ?"

"ಸೋತರೆ ಏನಾಗುತ್ತದೆ ಅಂತ ಹೇಳಿದೆ."

"ಅಷ್ಟೇನಾ?" ಅವನು ರತ್ನವ್ವನ ಹೆಗಲ ಮೇಲೆ ಕೈ ಇಟ್ಟ. ಹೆಬ್ಬೆರಳು ಅವಳ ಕುತ್ತಿಗೆಯ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. "ಹೆದರಿಸಬೇಡಿ ಪಾಪ."

"ಅಮ್ಮಾರ, ಒಳಗ ಜಡ್ಜ್..." ಬಾಯಿ ತಪ್ಪಿ ಬಂದುಬಿಟ್ಟಿತು.

"ಜಡ್ಜ್ ಏನು?" ಎಂದ ಕ್ರೇಗ್.

"ಜಡ್ಜ್ ಏನು ಕೇಳಬಹುದು ಅಂತ ಹೇಳುತ್ತಿದ್ದೇನೆ." ಅವಳು ನಿಧಾನವಾಗಿ ಹೇಳಿದಳು. ಮತ್ತೆ ರತ್ನವ್ವನ ಕಡೆ ತಿರುಗಿದಳು. "ಇವನನ್ನ ಹೊರಗ ಕಳಸ್ರಿ ಅಂತ ನಾ ಒಳಗ ಕೇಳ್ತೀನಿ. ಆಗ ದೊಡ್ಡ ಕುರ್ಚಿ ಮ್ಯಾಲಿನವರು ನಿಮ್ಮನ್ನ ಕೇಳ್ತಾರ. ನಿಮ್ಮ ಬಾಯಿಂದನೇ ಬರಬೇಕ್ರಿ. ಹೇಳ್ತೀರೇನು?"

ರತ್ನವ್ವ ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತಳು. ಅಷ್ಟರಲ್ಲಿ ಕೋರ್ಟಿನ ಸಿಬ್ಬಂದಿ ಬಾಗಿಲು ತೆರೆದು ಅವರ ಕೇಸು ಕೂಗಿದ.

ಒಳಗೆ ಹೋಗುವಾಗ ನೇತ್ರಾ ಬ್ರಿಡ್ಜೆಟ್‌ಳ ಕಿವಿಯಲ್ಲಿ ಎರಡು ಮಾತು ಹೇಳಿದಳು. ಬ್ರಿಡ್ಜೆಟ್ ಬಿಳಿಚಿಕೊಂಡಳು. "ಆಕೆ ಬಾಯಿ ಬಿಡದಿದ್ದರೆ?" ಎಂದಳು. ಅದನ್ನೇ ನೇತ್ರಾ ಕೂಡ ಯೋಚಿಸುತ್ತಿದ್ದಳು. ಆಕೆ ಬಾಯಿ ಬಿಡದಿದ್ದರೆ, ತನ್ನನ್ನು ಹೊರಗೆ ಕಳಿಸಲು ಹೊರಟಿದ್ದರು ಎಂದು ಕ್ರೇಗನಿಗೆ ತಿಳಿದಿರುತ್ತದೆ. ಆ ತಿಳಿವಳಿಕೆಯನ್ನೇ ಹೊತ್ತು ಅವಳ ತೋಳು ಹಿಡಿದು ಅದೇ ಫ್ಲ್ಯಾಟಿಗೆ ಕರೆದುಕೊಂಡು ಹೋಗುತ್ತಾನೆ. ಒಳ್ಳೆಯದು ಮಾಡಲು ಹೋಗಿ ತಾನೇ ಆಕೆಯನ್ನು ಬಾವಿಗೆ ತಳ್ಳುತ್ತಿದ್ದೇನೆಯೇ?

ಜಡ್ಜ್ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ ಹಿರಿಯ ಹೆಂಗಸು. ಕೌನ್ಸಿಲ್ ಪರ ವಕೀಲ ಏಳುವ ಮೊದಲೇ ನೇತ್ರಾ ಎದ್ದು, ಈ ವಿಚಾರಣೆ ಖಾಸಗಿಯಾಗಿ ನಡೆಯಬೇಕು, ಇಲ್ಲಿ ಎರಡೂ ಪಕ್ಷದವರನ್ನು ಬಿಟ್ಟು ಬೇರೆ ಯಾರೂ ಇರಕೂಡದು ಎಂದು ಕೇಳಿಕೊಂಡಳು.

"ಕಾರಣ?"

"ಕಾರಣವನ್ನು ಈಗ ಇಲ್ಲಿರುವವರ ಎದುರು ಹೇಳಲಾರೆ."

ಹಿಂದಿನ ಸಾಲಿನಿಂದ ಕ್ರೇಗ್ ಎದ್ದ. "ಕ್ಷಮಿಸಿ ಮೇಡಂ, ನಾನು ಆಕೆಯ ಕೇರರ್. ನಾನಿಲ್ಲದೆ ಆಕೆಗೆ ಆಗುವುದಿಲ್ಲ. ಗಾಬರಿಯಾಗುತ್ತಾಳೆ." ಎಂಥ ವಿನಯ ಆ ದನಿಯಲ್ಲಿ!

ಜಡ್ಜ್ ಅವನನ್ನು ನೋಡಿದರು, ನೇತ್ರಾಳನ್ನು ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, ಸಣ್ಣ ಸಣ್ಣ ಮಾತುಗಳಲ್ಲಿ ರತ್ನವ್ವನನ್ನೇ ಕೇಳಿದರು. "ಈ ಮನುಷ್ಯ. ಇರಬೇಕಾ? ಹೋಗಬೇಕಾ?"

ಹೀಟರಿನ ಕೊಳವೆಯೊಳಗೆ ನೀರು ಕಟಕಟ ಎನ್ನುವುದು ಕೇಳುತ್ತಿತ್ತು. ರತ್ನವ್ವ ಅಲ್ಲಾಡಲಿಲ್ಲ. ನೇತ್ರಾಳಿಗೆ ಹಿಂದಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಹೇಳು ಅಮ್ಮ," ಎಂದ ಕ್ರೇಗ್ ಹಿಂದಿನಿಂದ, ಮೆತ್ತಗೆ. "ನಾನು ಇರಬೇಕು ಅಂತ ಹೇಳು."

ಕುರ್ಚಿ ಕಿರುಗುಟ್ಟಿತು. ರತ್ನವ್ವ ಮೇಜನ್ನು ಹಿಡಿದು ಎದ್ದು ನಿಂತಿದ್ದಳು.

"ಹೀ ಔಟ್," ಎಂದಳು. ದನಿ ಸಾಲದೆಂದು ಅವಳಿಗೇ ಅನ್ನಿಸಿರಬೇಕು. ಇನ್ನೊಮ್ಮೆ, ಗಟ್ಟಿಯಾಗಿ: "ಹೀ ಗೋ ಔಟ್. ಡೋರ್ ಕ್ಲೋಸ್."

ಕ್ರೇಗ್ ಜಗಳಾಡಲಿಲ್ಲ. ಜಾಕೆಟ್ಟಿನ ಜಿಪ್ ಏರಿಸಿಕೊಂಡು ಹೊರಟ. ನೇತ್ರಾಳ ಪಕ್ಕದಲ್ಲಿ ಹಾಯುವಾಗ ಅರೆಗಳಿಗೆ ನಿಂತ. "ನೇತ್ರಾ, ಅಲ್ಲವೇ? ಚೆಂದದ ಹೆಸರು," ಎಂದ. ಅಷ್ಟೊಂದು ಕನ್ನಡದೊಳಗಿಂದ ಅವನು ಅದೊಂದನ್ನು ಹೆಕ್ಕಿ ಇಟ್ಟುಕೊಂಡಿದ್ದ.

ಬಾಗಿಲು ಮುಚ್ಚಿದ ಮೇಲೆ ನೇತ್ರಾ ಹೇಳಬೇಕಾದಷ್ಟನ್ನು ಹೇಳಿದಳು. ಕೌನ್ಸಿಲ್ ಪರ ವಕೀಲ ತನ್ನ ಅಧಿಕಾರಿಯ ಕಡೆ ತಿರುಗಿ ಪಿಸುಗುಟ್ಟಿದ. ಆ ಅಧಿಕಾರಿ ಹಲವು ಸಲ ಆ ಫ್ಲ್ಯಾಟಿನ ಬಾಗಿಲು ತಟ್ಟಿದ್ದವನು, ಪ್ರತಿ ಸಲ ಕ್ರೇಗನ ಜೊತೆ ಮಾತಾಡಿ ವಾಪಸಾಗಿದ್ದವನು. ಅವನು ತಲೆ ಎತ್ತಲಿಲ್ಲ. ದಾವೆಯ ವಿಚಾರಣೆಯನ್ನು ಮುಂದೂಡಿದರು. ರತ್ನವ್ವ ಆ ಟವರಿಗೆ ಮರಳಕೂಡದು, ಇವತ್ತೇ ಬೇರೆ ಕಡೆ ಇರಲು ಜಾಗ ಕೊಡುತ್ತೇವೆ ಎಂದು ಕೌನ್ಸಿಲ್ ಒಪ್ಪಿತು. ಕೋರ್ಟಿನವರು ಪೊಲೀಸರಿಗೆ ಫೋನ್ ಮಾಡಿದರು. ಅವರು ಬರುವಷ್ಟರಲ್ಲಿ ಕಾರಿಡಾರಿನಲ್ಲಿ ಕ್ರೇಗ್ ಇರಲಿಲ್ಲ.

"ಕೂಸು," ಎಂದಳು ರತ್ನವ್ವ ನೇತ್ರಾಳ ಕೈ ಬಿಗಿಯಾಗಿ ಹಿಡಿದು. "ಸಾಲಿ ಬಿಡೂ ಹೊತ್ತಾತು ತಂಗಿ. ಕೂಸು."

ರತ್ನವ್ವನಿಂದ ಮೊಮ್ಮಗಳ ಹೆಸರು, ಶಾಲೆಯ ಹೆಸರು ಕೇಳಿಕೊಂಡು ಬ್ರಿಡ್ಜೆಟ್ ಗ್ರೀನ್‌ಫರ್ಡಿನ ಆ ಶಾಲೆಗೆ ಫೋನ್ ಹಚ್ಚಿದಳು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ರತ್ನವ್ವ ಗೋಡೆಗೆ ಹಣೆ ಊರಿ ನಿಂತಿದ್ದಳು. ಕಡೆಗೆ ಆಚೆಯಿಂದ ಯಾರೋ ಮಾತಾಡಿದರು: ಸಾನ್ವಿ ಇನ್ನೂ ಕ್ಲಾಸಿನಲ್ಲಿದ್ದಾಳೆ, ತಾಯಿ ಬಂದು ಕರೆದೊಯ್ಯುವವರೆಗೂ ಹೆಡ್‌ಟೀಚರ್ ಕೋಣೆಯಲ್ಲಿ ಕೂರಿಸಿಕೊಳ್ಳುತ್ತೇವೆ. ನೇತ್ರಾ ಅದನ್ನು ಕನ್ನಡದಲ್ಲಿ ಹೇಳಿದಾಗ ರತ್ನವ್ವ ಕುಸಿದು ನೆಲದ ಮೇಲೆಯೇ ಕುಳಿತುಬಿಟ್ಟಳು.

ಜಡ್ಜುಗಳು ಓಡಾಡುವ ಹಿಂಬಾಗಿಲಿನಿಂದ ಅವಳನ್ನು ಪೊಲೀಸ್ ಕಾರಿನಲ್ಲಿ ಕಳಿಸಿದರು. ನೇತ್ರಾ ಮಾತ್ರ ಎಂದಿನಂತೆ ಮುಂಬಾಗಿಲಿನಿಂದ ಹೊರಗೆ ಬಂದು ಟ್ಯೂಬ್ ರೈಲು ಹತ್ತಿದಳು. ಇನ್ನೂ ಬೆಳಕಿತ್ತು. ಡಬ್ಬಿಯ ಆ ತುದಿಯಲ್ಲಿ ಜಿಪ್ ಏರಿಸಿದ ಜಾಕೆಟ್ಟಿನ ಬೆನ್ನೊಂದು ಕಂಡಿತು. ಮುಂದಿನ ಸ್ಟೇಷನ್ನಿನಲ್ಲಿ ಧಡಕ್ಕನೆ ಇಳಿದುಬಿಟ್ಟಳು. ರೈಲು ಹೊರಟಾಗ ಆ ಮನುಷ್ಯನ ಮುಖ ಕಿಟಕಿಯಲ್ಲಿ ಹಾದುಹೋಯಿತು, ಯಾರೋ ಮುದುಕ. ಆದರೂ ತಾಯಿಗೆ ಫೋನ್ ಮಾಡಿದಳು.

"ಅವ್ವಾ, ಇವತ್ತು ಯಾರ್ ಬಂದ್ರೂ ಬಾಗಲಾ ತಗೀಬ್ಯಾಡ."

"ನೇತ್ರಾ? ನೀ ಕನ್ನಡದಾಗ ಮಾತಾಡಾಕತ್ತೀಯಂದ್ರ ಏನೋ ಆಗ್ಯದ. ಏನಾತವ್ವ, ಹೇಳು."

ನೇತ್ರಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ತಾಯಿಯ ಉಸಿರು ಕೇಳುತ್ತ ಫೋನನ್ನು ಕಿವಿಗೆ ಒತ್ತಿಕೊಂಡಳು.

ವಸಂತ ಬರುವ ಹೊತ್ತಿಗೆ ಕೌನ್ಸಿಲ್ ದಾವೆಯನ್ನು ಹಿಂತೆಗೆದುಕೊಂಡಿತು. ಗ್ರೀನ್‌ಫರ್ಡಿಗೆ ಹತ್ತಿರದಲ್ಲಿ ನೆಲಮಟ್ಟದ ಒಂದು ಸಣ್ಣ ಫ್ಲ್ಯಾಟ್ ರತ್ನವ್ವನಿಗೆ ಸಿಕ್ಕಿತು. ಕ್ರೇಗ್ ಆ ಟವರಿನ ಸುತ್ತ ಕಾಲಿಡಬಾರದೆಂದು ಕೋರ್ಟಿನ ಆದೇಶವೂ ಆಯಿತು. ಆದರೆ ಪೊಲೀಸರ ಎದುರು ಸಾಕ್ಷಿ ಹೇಳಲು ರತ್ನವ್ವ ಒಪ್ಪಲಿಲ್ಲ. ಬ್ರಿಡ್ಜೆಟ್ ಕೇಳಿದಳು, ಮಗಳು ಗಿರಿಜಾ ಕೇಳಿದಳು, ಅವಳು ತಲೆ ಅಲ್ಲಾಡಿಸಿದಳು. ಅವನ ಮೇಲೆ ಕ್ರಿಮಿನಲ್ ಕೇಸು ನಿಲ್ಲಲಿಲ್ಲ. ಅವನು ಎಲ್ಲಿ ಹೋದ ಎಂಬುದು ಯಾರಿಗೂ ತಿಳಿಯಲಿಲ್ಲ.

ದಾವೆ ಮುಗಿದ ದಿನ ರತ್ನವ್ವ ಮಗಳೊಡನೆ ಕೋರ್ಟಿಗೆ ಬಂದಿದ್ದಳು. ಕೋಟು ಅವಳ ಅಳತೆಯದಾಗಿತ್ತು. ಹೊರಗೆ ಮೆಟ್ಟಿಲ ಬಳಿ ನೇತ್ರಾಳ ಕೈ ಹಿಡಿದುಕೊಂಡಳು.

"ಈಗ ಮಂಚದ ಮ್ಯಾಲ ಮಲಗ್ತೀನಿ ತಂಗಿ. ಬಾಗಲಕ್ಕ ನಂದೇ ಕೀಲಿ. ಆದ್ರೂ ಯಾರರ ಬಾಗಲಾ ಬಡದ್ರ ಎದಿ ಝಲ್ ಅಂತದ." ನೇತ್ರಾಳ ಮುಖ ನೋಡಿ ಕೇಳಿದಳು: "ನಿನಗ? ಹೆದರಿಕಿ ಬರ್ತದೇನು?"

ಇಲ್ಲ ಎಂದು ಹೇಳಿ ಆಕೆಗೆ ಸಮಾಧಾನ ಮಾಡಬಹುದಿತ್ತು. "ಬರ್ತದ್ರಿ," ಎಂದಳು ನೇತ್ರಾ. "ದಿನಾ ಬರ್ತದ."

ರತ್ನವ್ವ ತಲೆದೂಗಿದಳು. ನೇತ್ರಾಳ ಕೆನ್ನೆಯನ್ನು ಒರಟು ಅಂಗೈಯಿಂದ ಸವರಿದಳು. ಅಷ್ಟರಲ್ಲಿ ಬಸ್ಸು ಬಂತು. ಗಿರಿಜಾ ಕೈ ಹಿಡಿದು ಹತ್ತಿಸಿದಳು. ರತ್ನವ್ವ ಮೇಲಿನ ಅಂತಸ್ತಿಗೆ ಹೋಗದೆ ಡ್ರೈವರನ ಹಿಂದಿನ ಸೀಟಿನಲ್ಲಿ, ಬಾಗಿಲು ಕಾಣುವಂತೆ ಕುಳಿತಳು. ಬಸ್ಸು ತಿರುವು ದಾಟುವವರೆಗೆ ನೇತ್ರಾ ಅಲ್ಲೇ ನಿಂತಿದ್ದಳು. ಆಮೇಲೆ ರಸ್ತೆಯ ಎರಡೂ ಬದಿ ನೋಡಿಕೊಂಡು, ಸ್ಟೇಷನ್ನಿನ ಕಡೆ ಹೆಜ್ಜೆ ಹಾಕಿದಳು.