ಹನ್ನೊಂದು ಬಾಗಿಲು

"ಬಾಂಗ್ಲಾನೋ ಬಳ್ಳಾರಿನೋ, ನಂಗೆಲ್ಲಾ ಒಂದೇ ನಾತ," ಎಂದರು ವೆಂಕಟಾಚಲ, ಕರವಸ್ತ್ರವನ್ನು ಮೂಗಿಗೊತ್ತಿಕೊಂಡು. ಜೆ.ಪಿ. ನಗರದ ಆ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಹಿಂದೆ ವಾಚ್‌ಮನ್ ಖಾಲಿ ಸೈಟಿನ ತಗಡಿನ ಶೆಡ್ಡುಗಳ ಮೇಲೆ ಕೆಂಪು ಗುರುತು ಬಳಿಯುತ್ತ ಬರುತ್ತಿದ್ದ. ಬೆಳಗಾದರೆ ಜೆಸಿಬಿ.

ಯಾದಗಿರಿಯ ಶರಣಮ್ಮ ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಅವರು ಮುಟ್ಟಲಿಲ್ಲ. ಶೆಡ್ಡಿನೊಳಗೆ ಅವಳ ಮಗಳು ಆರು ದಿನದ ಬಾಣಂತಿ.

"ಸಾಹೇಬ್ರ, ಕೂಸಿನ ಹೊಕ್ಕಳಬಳ್ಳಿ ಇನ್ನಾ ಉದುರಿಲ್ರಿ. ಹದಿನೈದು ದಿನ ತಡೀರಿ. ನಾನಾ ನಿಂತು ತಗಡ ಬಿಚ್ಚತೀನಿ."

"ಹೆರೋಕೆ ನಿಮ್ಮೂರಲ್ಲಿ ಜಾಗ ಇರ್ಲಿಲ್ವಾ? ಬಂದಿದ್ದು ಸಾಲ್ದು ಅಂತ ಇಲ್ಲೇ ಮರಿ ಬೇರೆ ಹಾಕ್ತೀರಾ?"

ಸಂಜೆ ಒಲೆಯ ಸುತ್ತ ಹೆಂಗಸರು ಕೂತಾಗ ಶರಣಮ್ಮ ಸೆರಗನ್ನು ಮೂಗಿಗೊತ್ತಿಕೊಂಡು, "ನೋಡೀಮ್ಮಾ, ಇದು ಡೀಸೆಂಟ್ ಏರಿಯಾ," ಎಂದು ಅಧ್ಯಕ್ಷರನ್ನೇ ಅಣಕಿಸಿ ಕಣ್ಮುಂದೆ ನಿಲ್ಲಿಸಿದಳು. ಕನ್ನಡ ಬಾರದ ಬಂಗಾಳಿ ಹೆಂಗಸೂ ಬಿದ್ದು ಬಿದ್ದು ನಕ್ಕಳು. ಮೂಗಿಗೆ ಭಾಷಾಂತರ ಬೇಕಿರಲಿಲ್ಲ. ಒಳಗೆ ಕೂಸು ಅತ್ತಿತು. ನಗು ನಿಂತಿತು.

"ಈ ಭಾಡ್ಯಾನ ಬೀದಿಗೆ ನಾಳೆ ಚುಕ್ಕಿ ಇಡೂದು ಬ್ಯಾಡ," ಎಂದಳು ಶರಣಮ್ಮ.

ಆ ರಸ್ತೆಯ ಹನ್ನೊಂದು ಮನೆಗಳ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು ಈ ಹೆಂಗಸರೇ. ಮರುದಿನವೂ ನಸುಕಿಗೇ ಹೋದರು, ಗುಡಿಸಿದರು, ನೀರು ಚಿಮುಕಿಸಿದರು. ನಿನ್ನೆಯ ಎಳೆಗಳನ್ನೂ ಉಳಿಸದೆ ತಿಕ್ಕಿ ತೊಳೆದರು. ರಂಗೋಲಿ ಡಬ್ಬಿಯ ಮುಚ್ಚಳ ಮಾತ್ರ ಯಾರೂ ತೆಗೆಯಲಿಲ್ಲ.

ಹಾಲಿನ ಪ್ಯಾಕೆಟ್ಟಿಗೆಂದು ಹೊರಬಂದ ಸತ್ಯಭಾಮಾ, ಅಧ್ಯಕ್ಷರ ಹೆಂಡತಿ, ಗೇಟಿನಲ್ಲೇ ನಿಂತರು. ತಮ್ಮ ಬಾಗಿಲು ಬೋಳು. ಎದುರಿನದೂ ಬೋಳು. ವಾಕಿಂಗ್ ಹೊರಟಿದ್ದ ಮುದುಕರೊಬ್ಬರು ಟೋಪಿ ತೆಗೆದು, ಯಾರು ಹೋದರೆಂದು ಮೆಲ್ಲಗೆ ವಿಚಾರಿಸಿದರು. ಸತ್ಯಭಾಮಾ ಬಿಳುಚಿಕೊಂಡು, ಪೊರಕೆ ಹಿಡಿದು ನಿಂತಿದ್ದ ಶರಣಮ್ಮನತ್ತ ತಿರುಗಿದರು.

"ಶರಣಾ, ಬೇಗ ಒಂದೆಳೆನಾದ್ರೂ ಎಳಿಯೇ. ಸಾವಿನ ಮನೆ ಥರ ಕಾಣ್ತಿದೆ."

"ಇನ್ನಾ ಯಾರೂ ಸತ್ತಿಲ್ರಿ ಅಮ್ಮಾರ. ಕೂಸು ಶೆಡ್ಡಿನಾಗ ಮಲಗ್ಯಾದ."

ತಿರುವಿನಲ್ಲಿ ಜೆಸಿಬಿ ಗುರುಗುಟ್ಟಿತು. ಶರಣಮ್ಮ ಓಡಲಿಲ್ಲ. ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗಿ ಮಗಳ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಬಂಗಾಳಿ ಹೆಂಗಸು ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಉಳಿದವರು.

ಜೆಸಿಬಿಯ ಹಳದಿ ತೋಳು ಮೇಲೆದ್ದು, ಅವರ ನೆತ್ತಿಯ ಮೇಲೆ ಅಲುಗುತ್ತ ನಿಂತಿತು.